‘ಮಾನವ ಹಸ್ತಕ್ಷೇಪವಿಲ್ಲದೆ’ ಎಂಬ ಸಾಲನ್ನು ಹಿಂಪಡೆಯುವ ಕುರಿತು

ಇಂದ:
ಸಂಶೋಧನಾ ವಿದ್ಯಾರ್ಥಿನಿ (ಆರನೇ ವರ್ಷ; ಕಾರಣ ಕೆಳಗಿದೆ),
ಮೈಕ್ರೋವೇವ್ ಪ್ರಯೋಗಾಲಯ, ನೆಲಮಾಳಿಗೆ.

ಗೆ:
ವಿಭಾಗದ ಮುಖ್ಯಸ್ಥರು, ಮೂರನೇ ಮಹಡಿ.

ವಿಷಯ: ಪ್ರಬಂಧದಿಂದ ಒಂದು ಸಾಲು ತೆಗೆದು, ಒಂದು ಹೆಸರು ಸೇರಿಸಲು ಅನುಮತಿ ಕೋರಿ.

ಉಲ್ಲೇಖ: ಪುಟ 112ರ “ಈ ಫಿಲ್ಟರ್ ಮಾನವ ಹಸ್ತಕ್ಷೇಪವಿಲ್ಲದೆ ಮೂರು ವರ್ಷ ಸ್ಥಿರವಾಗಿ ಕೆಲಸ ಮಾಡಿದೆ” ಎಂಬ ಸಾಲು ಮತ್ತು ಅದರ ಪಕ್ಕ ತಾವು ಕೆಂಪು ಶಾಯಿಯಲ್ಲಿ ಬರೆದ “ಭೇಷ್”.

ಮಾನ್ಯರೇ,

1. ಅರ್ಜಿದಾರಳು ತಯಾರಿಸಿದ್ದು ಅಂಗೈಯಗಲದ ಲೋಹದ ಪೆಟ್ಟಿಗೆ. ಬೇಕಾದ ರೇಡಿಯೋ ತರಂಗವನ್ನು ಮಾತ್ರ ಒಳಗೆ ಬಿಟ್ಟು ಮಿಕ್ಕವನ್ನು ಬಾಗಿಲಲ್ಲೇ ತಡೆಯುವುದು ಅದರ ಕೆಲಸ. ವೋಲ್ಟೇಜ್ ಬದಲಿಸಿದರೆ ಯಾವುದನ್ನು ಬಿಡಬೇಕೆಂಬುದೂ ಬದಲಾಗುತ್ತದೆ. ಮೊದಲೆರಡು ವರ್ಷ ಅದು ಯಾರ ಮಾತನ್ನೂ ಕೇಳಲಿಲ್ಲ. ಮೂರನೇ ವರ್ಷದ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸರಿಹೋಯಿತು. ಕಾರಣ ಹುಡುಕುವ ಧೈರ್ಯವಿಲ್ಲದ ಕಾರಣ, ಕಾರಣ ತನ್ನ ವಿನ್ಯಾಸವೇ ಎಂದು ಅರ್ಜಿದಾರಳು ತೀರ್ಮಾನಿಸಿದಳು.

2. ಎರಡು ತಿಂಗಳ ಹಿಂದೆ ಪ್ರಯೋಗಾಲಯದ ಸಹಾಯಕರು, ಎಲ್ಲರ ಬಾಯಲ್ಲೂ ‘ತಿರುಪು ಮಾಮ’, ಕಣ್ಣಿನ ಪೊರೆ ತೆಗೆಸಲು ಹನ್ನೆರಡು ದಿನ ರಜೆ ಹಾಕಿದರು. ಮರುದಿನವೇ ಫಿಲ್ಟರ್ ದಾರಿ ತಪ್ಪಿತು. ಅರ್ಜಿದಾರಳು ಕೇಬಲ್ ಬದಲಿಸಿದಳು, ಅಳತೆಯ ಯಂತ್ರವನ್ನು ಶಂಕಿಸಿದಳು, ಪಕ್ಕದ ಮೇಜಿನವನ ಮೊಬೈಲ್ ಕಿತ್ತು ಹೊರಗಿಟ್ಟಳು. ಪ್ರಯೋಜನವಾಗಲಿಲ್ಲ. ಮಾಮ ಕಪ್ಪು ಕನ್ನಡಕದಲ್ಲಿ ಮರಳಿದ ದಿನ, ಹತ್ತು ಗಂಟೆಗೆಲ್ಲ ಅದು ತೆಪ್ಪಗೆ ಮಾತು ಕೇಳುತ್ತಿತ್ತು.

3. ಆದ್ದರಿಂದ ಮಾರನೆಯ ದಿನ ಎಂಟಕ್ಕೇ ಬಂದ ಅರ್ಜಿದಾರಳು ಕಂಡದ್ದೇನೆಂದರೆ, ಮಾಮ ಪೆಟ್ಟಿಗೆಯ ಮುಚ್ಚಳದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು.

“ಮಾಮ! ಏನ್ ಮಾಡ್ತಿದ್ದೀರಿ?”

“ಬೆಳಿಗ್ಗೆ ಕೋಣೆ ತಣ್ಣಗಿರುತ್ತಲ್ಲಮ್ಮ, ಪೆಟ್ಟಿಗೆ ಮೈ ಮುದುರಿಕೊಳ್ಳುತ್ತೆ. ಸ್ವಲ್ಪ ಸರಿ ಮಾಡ್ತೀನಿ, ಅಷ್ಟೇ.”

“ಎಷ್ಟು ದಿನದಿಂದ?”

“ಮೂರು ವರ್ಷ ಆಯ್ತೇನೋ. ನೀನು ಮೇಜಿನ ಮೇಲೆ ತಲೆಯಿಟ್ಟು ಅಳ್ತಿದ್ದೆ ನೋಡು, ಆವತ್ತಿಂದ.”

“ನಂಗೆ ಹೇಳಬಾರದಿತ್ತಾ?”

“ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ. ಓದಿದೋಳಲ್ವಾ!”

4. ಅರ್ಜಿದಾರಳು ಆ ದಿನ ಊಟ ಮಾಡಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಈ ತಿಂಗಳು ಪದವಿ ಕೈಗೆ ಬರುತ್ತಿತ್ತು. ಮಾಮ ಈ ತಿಂಗಳೇ ನಿವೃತ್ತರಾಗುವುದರಿಂದ ಹೇಳುವವರೂ ಇರುತ್ತಿರಲಿಲ್ಲ. ಈ ಯೋಚನೆ ಒಂದು ಇಡೀ ಮಧ್ಯಾಹ್ನ ಬಂದು ಕೂತಿದ್ದನ್ನು ದಾಖಲಿಸಿಕೊಳ್ಳಬೇಕಾಗಿ ವಿನಂತಿ.

5. ತದನಂತರ ಹದಿನೆಂಟು ದಿನ ಬೆಳಿಗ್ಗೆ ಮಾಮ ತಿರುಗಿಸಿದರು, ಅರ್ಜಿದಾರಳು ಥರ್ಮಾಮೀಟರ್ ನೋಡಿ ಬರೆದುಕೊಂಡಳು. ಕೋಣೆಯ ಪ್ರತಿ ಡಿಗ್ರಿಗೂ ಆ ಕೈ ಒಂದೇ ಅಳತೆ ತಿರುಗುತ್ತಿತ್ತು. ಅದರಂತೆ ವೋಲ್ಟೇಜನ್ನು ತಾನೇ ತಿದ್ದಿಕೊಳ್ಳುವ ಪುಟ್ಟ ಸರ್ಕ್ಯೂಟ್ ಜೋಡಿಸಲಾಗಿದೆ. ನಿನ್ನೆಗೆ ಒಂಬತ್ತು ದಿನ, ತಿರುಪನ್ನು ಯಾರೂ ಮುಟ್ಟಿಲ್ಲ. ಮಾಮ ಎರಡು ಸಲ ಕೈ ಚಾಚಿದ್ದು ನಿಜ; ಹಿಂತೆಗೆದುಕೊಂಡಿದ್ದಾರೆ.

6. ಪ್ರಬಂಧದಲ್ಲಿ ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ, “ತಿರುಪು ತಿರುಗಿಸೋಕೆ ಹೆಸರು ಯಾಕಮ್ಮ?” ಎಂದರು. ಸಂಜೆ ಮತ್ತೆ ಬಂದು, ತಮ್ಮ ಹೆಸರಿನ ಯಾವ ಅಕ್ಷರಕ್ಕೆ ದೀರ್ಘವೆಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು.

ಆದ್ದರಿಂದ ಸದರಿ ಸಾಲನ್ನು ತಮ್ಮ ‘ಭೇಷ್’ ಸಮೇತ ಹಿಂಪಡೆಯಲು, ಹೊಸ ಅಳತೆಗಳಿಗೆ ಮೂರು ತಿಂಗಳು ಕಾಲಾವಕಾಶ ನೀಡಲು ಹಾಗೂ ಆ ಸಾಲಿರುವ ಐದನೇ ಅಧ್ಯಾಯದ ಸಹಲೇಖಕರಾಗಿ ಮಾಮನ ಹೆಸರು ಸೇರಿಸಲು ಕೋರಿದೆ.

ತಮ್ಮ ವಿಶ್ವಾಸವನ್ನು ಮತ್ತೆ ಗಳಿಸಬೇಕಾಗಿರುವ,
ಅರ್ಜಿದಾರಳು

ಲಗತ್ತುಗಳು: ಹದಿನೆಂಟು ದಿನಗಳ ಪಟ್ಟಿ, ಪುಟ 112, ಚೀಟಿ.

ವಿಶೇಷ ಸೂಚನೆ: ಮೌಖಿಕ ಪರೀಕ್ಷೆಯ ದಿನ ಮೊದಲ ಸಾಲಿನಲ್ಲಿ ಮಾಮನಿಗೊಂದು ಕುರ್ಚಿ ಹಾಕಿಸಬೇಕು. ತಿರುಪಿನ ಬಗ್ಗೆ ಪ್ರಶ್ನೆ ಬಂದಲ್ಲಿ ಪರೀಕ್ಷಕರು ಅವರನ್ನೇ ಕೇಳತಕ್ಕದ್ದು. ಅರ್ಜಿದಾರಳು ಇನ್ನೂ ಕಲಿಯುತ್ತಿದ್ದಾಳೆ.