ಸೇಬಿನ ಕಸಿಯೂ ನನ್ನ ಕೈತುರಿಕೆಯೂ

ಕಸಿ ಕಟ್ಟುವುದರಲ್ಲಿ ಸತ್ತೂರಿನ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ನರ್ಸರಿಯ ಸರ್ವಾನುಮತದ ಅಭಿಪ್ರಾಯ. ನರ್ಸರಿಯಲ್ಲಿ ಇರುವವನು ನಾನೊಬ್ಬನೇ! ಹೀಗಾಗಿ, ಹಿಮ ಬೀಳುವ ಊರಲ್ಲಿ ಮಿಲಿಟರಿಯಲ್ಲಿದ್ದ ನನ್ನ ಹೆಂಡತಿಯ ತಮ್ಮ ಈರಣ್ಣ ರಜೆಗೆ ಬಂದಾಗ ಒಂದು ಕಾಡುಸೇಬಿನ ಸಸಿ, ಒಳ್ಳೆ ಜಾತಿಯ ಸೇಬಿನ ಒಂದು ಕಡ್ಡಿ ತಂದುಕೊಟ್ಟದ್ದೇ ತಡ, ಕಡ್ಡಿಯನ್ನು ಸಸಿಗೆ ಕೂಡಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿಬಿಟ್ಟೆ.

"ಪಟ್ಟಿ ಮುಟ್ಟಬ್ಯಾಡ್ರಿ ಮಾವಾ. ಪಂಚಮಿಗೆ ಅಕ್ಕನ್ನ ಕರ್ಯಾಕ ಬರ್ತೇನಿ, ಆವಾಗ ಚಿಗುರು ತೋರಸ್ರಿ," ಎಂದ ಈರಣ್ಣ.

ಹೆಂಡತಿ ಕಸ್ತೂರಿ ಸೇರಿಸಿದಳು: "ನನ್ನ ತವರಿನ ಗಿಡ ಐತಿ. ಒಣಗಿತಂದ್ರ, ಹೋದಾಕಿ ತಿರುಗಿ ಬರೂದಿಲ್ಲ ನೋಡ್ರಿ!"

ಮಾವಿನ ಗಿಡಕ್ಕೆ ಕಸಿ ಕಟ್ಟಿದ ಪಟ್ಟಿಯನ್ನು ನಾನು ಎಂದೂ ಮುಟ್ಟಿದವನಲ್ಲ. ಆದರೆ ಇದು ತವರಿನದು! ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮರುದಿನವೇ ಪಟ್ಟಿ ಸಡಿಲಿಸಿ ಇಣುಕಿದೆ. ಏನೂ ಕಾಣಲಿಲ್ಲ. ಪೂರ್ತಿ ಬಿಚ್ಚಿ ನೋಡಿ ಮತ್ತೆ ಕಟ್ಟಿದೆ. ಚಹಾ ಕುಡಿದು ಬಂದು ಮತ್ತೆ ಬಿಚ್ಚಿದೆ!

ಪಕ್ಕದ ಮನೆಯ ಬಸಣ್ಣ ಕಾಕಾ, "ಸೇಬಿಗೆ ಥಂಡಿ ಬೇಕಪಾ. ನಮ್ಮ ಬಿಸಲಾಗ ಹೆಂಗ ಬದುಕಬೇಕು ಅದು?" ಎಂದರು. ತಕ್ಷಣ ಸೈಕಲ್ ಹತ್ತಿ ಸೋಡಾ ಅಂಗಡಿಯಿಂದ ಬರ್ಫದ ಗಡ್ಡೆ ತಂದು ಬುಡಕ್ಕಿಟ್ಟೆ. ಕರಗಿತು. ಮತ್ತೆ ತಂದೆ. "ಮನ್ಯಾಗ ಲಗ್ನ ಐತೇನ್ರಿ?" ಎಂದು ಸೋಡಾ ಅಂಗಡಿಯವನು ಕೇಳಿದ.

ಅಂತೂ ಒಂದು ದಿನ ಚಿಗುರು ಬಂತು! ಹಚ್ಚಹಸಿರು, ದಷ್ಟಪುಷ್ಟ! ಪಕ್ಕದಲ್ಲಿ ಒಂದು ಒಣಕಲು ಕಡ್ಡಿ ಅಡ್ಡ ನಿಂತಿತ್ತು. ಕತ್ತರಿಸಿ ಬಿಸಾಕಿ, ಓಣಿಗೆಲ್ಲ ಫೇಡೆ ಹಂಚಿದೆ.

ಪಂಚಮಿಗೆ ಈರಣ್ಣ ಬಂದ. ಬಗ್ಗಿ ನೋಡಿದ.

"ಮಾವಾ, ಇದು ಪಟ್ಟಿ ಕೆಳಗಿನ ಚಿಗುರು. ಕಾಡುಸೇಬು. ನಾ ಕೊಟ್ಟ ಕಡ್ಡಿ ಎಲ್ಲೈತ್ರಿ?"

ನಾನು ಕಸದ ಗುಂಡಿಯ ಕಡೆ ನೋಡಿದೆ. ಕಸ್ತೂರಿ ಚೀಲ ತುಂಬಲು ಒಳಗೆ ಹೋದಳು.

ಗಣಪತಿ ಬಂದು ಹೋದ. ಅವಳು ಬರಲಿಲ್ಲ. ನಾನೇ ಸುಟ್ಟ ರೊಟ್ಟಿ ತಿನ್ನುವಾಗ, ಖರೇ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ, "ಈಗ ಮತ್ತೇನು ಬಿಚ್ಚೀರಿ?" ಎಂದು ಇಟ್ಟೇಬಿಟ್ಟಳು!

ದಸರೆಗೆ ಬಂದಳು, ದೇವರು ದೊಡ್ಡವನು. ಚಳಿಗಾಲದಲ್ಲಿ ಈರಣ್ಣ ಇನ್ನೊಂದು ಕಡ್ಡಿ ಕಳಿಸಿದ, ಅಕ್ಕನ ಹೆಸರಿಗೆ! ಅದೇ ಕಾಡುಸೇಬಿಗೆ ಅವಳೇ ಕಸಿ ಕಟ್ಟಿ, ಸುತ್ತಲೂ ಜಾಲಿಮುಳ್ಳಿನ ಬೇಲಿ ಹಾಕಿದಳು.

"ನಮ್ಮಲ್ಲಿ ದನ ಎಲ್ಲಿ ಅದಾವ? ಬೇಲಿ ಯಾಕ?" ಎಂದೆ.

"ದನಕ್ಕಲ್ರಿ. ನಿಮಗ!"

ಈಗ ಪಟ್ಟಿಯ ಮೇಲಿನ ಕಡ್ಡಿಯಲ್ಲೇ ಚಿಗುರು ಬಂದಿದೆಯಂತೆ. ನಾನಿನ್ನೂ ನೋಡಿಲ್ಲ.