ನಮ್ಮ ಪಡಸಾಲೆಯ ಮುಳುಗಡೆ

ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲೊಂದು, ಕೈಯಲ್ಲೊಂದು. ಆಗ ಪಡಸಾಲೆಯಿಂದ ನಮ್ಮವರು ಫೋನು ಹಿಡಿದುಕೊಂಡೇ ಓಡಿಬಂದರು.

“ಸುಮಂಗಲಾ, ನಾಳೆ ಅಜ್ಜಾರು ನಮ್ಮ ಮನಿಗೆ ಬರ್ತಾರಂತ! ಶಿರೂರಾಗ ಒಂದು ಲಗ್ನ ಐತಿ, ಅದನ್ನ ಮುಗಿಸಿಕೊಂಡು ಇಲ್ಲೇ ಪಾದಪೂಜಿ, ಪ್ರಸಾದ!”

ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಯಿತು. ಸೀಯಲಿ ಬಿಡಿ!

ಅಜ್ಜಾರು ಎಂದರೆ ನಮ್ಮ ಮಠದ ಸ್ವಾಮಿಗಳು. ಹಳೇ ಬಾಗಲಕೋಟೆಯ ಮನೆಯಲ್ಲಿ ವರ್ಷಕ್ಕೊಮ್ಮೆ ಅವರ ಪಾದಪೂಜೆ ತಪ್ಪುತ್ತಿರಲಿಲ್ಲವಂತೆ. ಆ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ನವನಗರಕ್ಕೆ ಬಂದ ಮೇಲೆ ಒಮ್ಮೆಯೂ ಯೋಗ ಕೂಡಿಬರಲಿಲ್ಲ. “ಅಜ್ಜಾರು ಈ ಹೊಸ್ತಿಲಾ ದಾಟೂದು ನೋಡೇ ನಾ ಕಣ್ಣ ಮುಚ್ಚಾಕಿ” ಎಂದು ನಮ್ಮ ಅತ್ತೆ ಹೇಳದ ಸೋಮವಾರವಿಲ್ಲ. ಈಗ ಸುದ್ದಿ ಕೇಳಿ ಅವರು ಹುಣಸೆಹಣ್ಣು ತೆಗೆದುಕೊಂಡು ಪೂಜೆಯ ತಾಮ್ರದ ತಂಬಿಗೆ ತಿಕ್ಕಲು ಕುಳಿತರು. ತಿಕ್ಕುತ್ತಾ ಕಣ್ಣು ಒರೆಸಿಕೊಂಡರು.

ಈ ಪೂಜೆಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಬರಬಾರದು ಎಂದು ನಾನು ಅಲ್ಲೇ ನಿಶ್ಚಯಿಸಿದೆ. ಮನೆಯೆಲ್ಲ ಒಮ್ಮೆ ಕಣ್ಣಾಡಿಸಿದೆ. ಕೊರತೆ ಎಂದರೆ ಒಂದೇ. ಪಡಸಾಲೆಯ ಮೀನುಗಳು!

ನಾವು ಲಿಂಗವಂತರು. ಮೀನು ಮಾರುವ ಓಣಿಯ ಕಡೆ ತಿರುಗಿಯೂ ನೋಡದವರು. ಆದರೆ ನಮ್ಮವರ ಬಿ.ಪಿ. ಏರಿದಾಗ ಡಾಕ್ಟರು, “ಮನ್ಯಾಗ ಮೀನು ಸಾಕ್ರಿ, ನೋಡಕೋತ ಕುಂದರ್ರಿ, ಇಳಿತೈತಿ” ಎಂದರು. ಹಾಗೆ ಎರಡು ಕೆಂಪು ಮೀನು, ಒಂದು ದೊಡ್ಡ ಗಾಜಿನ ಟ್ಯಾಂಕು ಬಂದವು. ನೀರು ದಿನಕ್ಕೊಂದು ಬಣ್ಣ. ಆ ದಿನ ಪುಂಡಿಪಲ್ಲೆ ಸೊಪ್ಪು ಬೇಯಿಸಿದ ಬಣ್ಣ. ಅಜ್ಜಾರ ಎದುರಿಗೆ ಇದೇ?

ಸೋಸುವ ಸಾಮಾನು ಮನೆಯಲ್ಲೇ ಇತ್ತು. ಮೇಲಿನ ಟ್ಯಾಂಕಿನಿಂದ ಹೆಚ್ಚಿನ ನೀರು ಕೆಳಗಿನ ಟಬ್ಬಿಗೆ ಇಳಿಯಬೇಕು, ಅಲ್ಲಿ ಸ್ಪಂಜಿನಲ್ಲಿ ಸೋಸಬೇಕು, ಸಣ್ಣ ಮೋಟರು ಅದನ್ನು ಮತ್ತೆ ಮೇಲಕ್ಕೆ ಏರಿಸಬೇಕು. ನೀರು ಇಳಿಯಲು ಗಾಜಿಗೆ ತೂತು ಕೊರೆಸುವುದೋ, ಅಂಚಿಗೆ ಸಿಗಿಸುವ ಡಬ್ಬಿ ತರುವುದೋ ಎಂದು ನಮ್ಮವರು ಶ್ರಾವಣದಿಂದ ವಿಚಾರ ಮಾಡುತ್ತಲೇ ಇದ್ದರು.

“ತೂತೂ ಬ್ಯಾಡ, ಡಬ್ಬೀನೂ ಬ್ಯಾಡ” ಎಂದೆ. “ಬ್ಯಾರಲ್ ನೀರು ಇಳಿಸೂ ಪೈಪ್ ಐತಿ, ಸಾಕು.”

“ಕರೆಂಟ್ ಹೋದ್ರ?”

“ಹೋದ್ರ ಮೋಟರ್ ನಿಂದ್ರತೈತಿ. ಪೈಪಿಗೆ ಎಲ್ಲಿ ಕರೆಂಟ್ ಬೇಕರಿ?”

ಅವರೇ ಹೋಗಿ ಹಿತ್ತಲಿನಿಂದ ಪೈಪು ತಂದುಕೊಟ್ಟರು. ಗೆದ್ದೆ!

ಪೈಪಿನ ಒಂದು ತುದಿ ಟ್ಯಾಂಕಿನೊಳಗೆ ಬಿಟ್ಟೆ. ಇನ್ನೊಂದು ತುದಿಗೆ ಬಾಯಿ ಹಚ್ಚಿ ಎಳೆದೆ. ಬ್ಯಾರಲ್ಲಿನಿಂದ ಹಾಗೆ ನೀರು ಎಳೆದೇ ಸಂಸಾರ ಮಾಡಿದವಳು ನಾನು. ಸರ್ರನೆ ಟಬ್ಬಿಗೆ ನೀರು ಇಳಿಯಿತು. ಜೋರಾದಾಗ ಪೈಪಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ, ಇಳಿಯುವುದನ್ನೂ ಏರುವುದನ್ನೂ ಸರಿದೂಗಿಸಿದೆ. ಬೆಳಗಾಗುವಷ್ಟರಲ್ಲಿ ನೀರು ಕನ್ನಡಿ! ಬಾಯಲ್ಲಿ ಉಳಿದದ್ದು ಮೀನಿನ ನೀರಿನ ರುಚಿ ಮಾತ್ರ. ಅದನ್ನು ವರ್ಣಿಸುವುದಿಲ್ಲ.

ಬೆಳಿಗ್ಗೆ ನಮ್ಮವರು ಅಜ್ಜಾರನ್ನು ಕರೆತರಲು ಕಾರು ತೆಗೆದುಕೊಂಡು ಶಿರೂರಿಗೆ ಹೋದರು. ನಾನು ಸ್ನಾನ, ಲಿಂಗಪೂಜೆ ಮುಗಿಸಿ ಹೋಳಿಗೆಗೆ ಹೂರಣ ರುಬ್ಬಲು ನಿಂತೆ. ಕರೆಂಟು ಹೋಯಿತು. ಹೋಗಲಿ, ಒರಳುಕಲ್ಲಿದೆಯಲ್ಲ! ಹಿತ್ತಲಿನ ಒರಳಿನಲ್ಲಿ ರುಬ್ಬಿಕೊಂಡು ಒಳಗೆ ಬಂದೆ. ಅಂಗಾಲು ತಣ್ಣಗಾಯಿತು.

ಪೈಪಿಗೆ ಕರೆಂಟು ಬೇಕಿಲ್ಲ ಎಂದು ನಾನೇ ಹೇಳಿದ್ದೆನಲ್ಲ. ಖರೆ ಹೇಳಿದ್ದೆ! ಮೋಟರು ನಿಂತಿತ್ತು, ಪೈಪು ನಿಂತಿರಲಿಲ್ಲ. ಟ್ಯಾಂಕಿನ ನೀರನ್ನೆಲ್ಲ ತನ್ನ ಬಾಯಿಗೆ ಸಿಗುವವರೆಗೂ ಕೆಳಗೆ ಇಳಿಸಿತ್ತು. ಟಬ್ಬು ತುಂಬಿ ಹೊರಚೆಲ್ಲಿತ್ತು. ಮೀನುಗಳು ತಳದಲ್ಲಿ ಉಳಿದಿದ್ದ ಗೇಣುದ್ದ ನೀರಿನಲ್ಲಿ ನನ್ನನ್ನೇ ನೋಡುತ್ತಿದ್ದವು.

ಅತ್ತೆ ಅಂಗಳದಲ್ಲಿ ಹೂ ಬಿಡಿಸುತ್ತಿದ್ದರು. ಅದೂ ದೇವರ ದಯೆ! ಹಳೆ ಸೀರೆ ತಂದು ನೆಲ ಒರೆಸಿದೆ. ಅಜ್ಜಾರು ಬರುವ ದಿನ ಮನೆಯಲ್ಲಿ ಒಂದು ಜೀವ ಬಾಯಾರಿ ಸಂಕಟಪಡಬಾರದು ಎಂದು ಕೊಡಗಟ್ಟಲೆ ನೀರು ಸುರಿದು ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿದೆ. ಕೆಳಗೆ ಟಬ್ಬೂ ತುಂಬಿಕೊಂಡಿತ್ತು. ಅದು ನನ್ನ ಕಣ್ಣಿಗೆ ಸಮೃದ್ಧಿಯ ಹಾಗೆ ಕಂಡಿತು.

ಪೈಪಿನೊಳಗೆ ಗಾಳಿ ಹೊಕ್ಕಿತ್ತು. ಮತ್ತೆ ಬಾಯಿ ಹಚ್ಚಿ ಎಳೆಯಬೇಕಿತ್ತು. ಹಚ್ಚಲು ಹೋದೆ, ನಿಂತೆ. ಅಜ್ಜಾರ ಪಾದ ತೊಳೆದ ಪಾದೋದಕ ತೆಗೆದುಕೊಳ್ಳುವವರೆಗೆ ಬಾಯಿಗೆ ಹನಿ ನೀರು ಹಾಕದ ನೇಮ ನಮ್ಮದು. ಇವತ್ತು ಪಾದೋದಕಕ್ಕಿಂತ ಮೊದಲು ಮೀನಿನ ನೀರೇ? ಶಿವ ಶಿವಾ! ರಾತ್ರಿಯೆಲ್ಲ ಹರಿದ ಪೈಪಿಗೆ ದಾರಿ ಗೊತ್ತಿರುತ್ತದೆ, ತಾನೇ ಹರಿಯುತ್ತದೆ ಎಂದು ನಿರ್ಧರಿಸಿ ಅಡುಗೆಮನೆಗೆ ನಡೆದೆ.

ಅತ್ತೆ ಒಳಗೆ ಬಂದು, ಹಳೆ ಸೀರೆಗಳಿಂದ ತಾವೇ ಹೊಲಿದ ಕೌದಿಯನ್ನು ಅಜ್ಜಾರ ಆಸನದ ಕೆಳಗೆ ಹಾಸಿದರು. ತಂಬಿಗೆಯಲ್ಲಿ ನೀರು ತುಂಬಿ ಮಣೆಯ ಮೇಲಿಟ್ಟರು. ಹೊಸ್ತಿಲಿಗೆ ರಂಗೋಲಿ ಎಳೆದು ಅಂಗಳ ದಾಟಿ ಗೇಟಿನಲ್ಲಿ ಕಾಯುತ್ತಾ ನಿಂತರು. ಕರೆಂಟು ಬಂತು. ದೇವರು ದೊಡ್ಡವನು ಎಂದುಕೊಂಡು ಮಿಕ್ಸಿಗೆ ಶೇಂಗಾ ಚಟ್ನಿ ಹಾಕಿ ತಿರುವಿದೆ. ಆ ಗದ್ದಲದಲ್ಲಿ ಪಡಸಾಲೆಯ ಸದ್ದು ಕೇಳಿಸಲಿಲ್ಲ. ಮೋಟರು ಟಬ್ಬಿನ ನೀರನ್ನು ನಿಷ್ಠೆಯಿಂದ ಮೇಲೇರಿಸುತ್ತಿತ್ತು. ದಾರಿ ಗೊತ್ತಿದ್ದ ಪೈಪು ಒಂದು ಹನಿಯನ್ನೂ ಇಳಿಸಲಿಲ್ಲ!

ಕಾರಿನ ಹಾರ್ನು ಕೇಳಿ ಆರತಿ ತಟ್ಟೆ ಹಿಡಿದು ಹೊರಬಂದೆ. ಪಡಸಾಲೆ ಕೆರೆ. ಟ್ಯಾಂಕಿನ ನಾಲ್ಕೂ ಅಂಚಿನಿಂದ ನೀರು ಇಳಿಯುತ್ತಿತ್ತು. ರಂಗೋಲಿ ಕರಗಿ ಬಿಳಿನೀರಾಗಿತ್ತು. ಅಷ್ಟರಲ್ಲಿ ಅಜ್ಜಾರು ಕಾಲಿನ ಹಾವುಗೆ ಬಿಟ್ಟು ಹೊಸ್ತಿಲು ದಾಟಿದರು.

ಚಪ್!

ಎಲ್ಲರೂ ಅವರ ಪಾದ ನೋಡಿದೆವು. ಅವರೂ ನೋಡಿಕೊಂಡರು.

“ತಾಯಿ, ಪಾದಪೂಜಿ ಒಳಗ ಅಂದಿದ್ರು. ಹೊಸ್ತಿಲದಾಗ ಸುರು ಮಾಡಿದಿ?”

ಭೂಮಿ ಬಾಯಿ ತೆರೆಯಲಿ ಎಂದುಕೊಂಡೆ. ತೆರೆದಿದ್ದರೆ ನೀರಾದರೂ ಇಳಿಯುತ್ತಿತ್ತು! ನಮ್ಮವರು ಹಾರಿಹೋಗಿ ಸ್ವಿಚ್ಚು ಆರಿಸಿದರು. ಅಷ್ಟರಲ್ಲಿ ಅತ್ತೆ ಚೀರಿದರು.

“ಅಯ್ಯ ನಮ್ಮವ್ವಾ! ಜೀವಾ ಹೋಗತೈತಿ, ಹಿಡಿ!”

ನೀರಿನ ಜೊತೆ ಇಳಿದ ಒಂದು ಮೀನು ಅಜ್ಜಾರ ಹೆಬ್ಬೆರಳ ಹತ್ತಿರ ಪಟಪಟನೆ ಬಡಿದುಕೊಳ್ಳುತ್ತಿತ್ತು. ಎರಡೂ ಕೈಯಲ್ಲಿ ಬಾಚಿಕೊಂಡು ಹತ್ತಿರ ಸಿಕ್ಕ ಪಾತ್ರೆಗೆ ಬಿಟ್ಟೆ. ಬಿಟ್ಟ ಮೇಲೆ ನೋಡಿದೆ. ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ ತಂಬಿಗೆ! ಪಾದಪೂಜೆಯ ನೀರಿನಲ್ಲಿ ಮೀನು ಸುತ್ತು ಹಾಕುತ್ತಿತ್ತು.

ಅತ್ತೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅಜ್ಜಾರು ತಂಬಿಗೆಯೊಳಗೆ ಬಗ್ಗಿ ನೋಡಿದರು.

“ಜೀವಾ ಉಳಿಸಿದ ನೀರು, ಇದಕ್ಕಿಂತ ಮಡಿ ಯಾವುದೈತಿ? ಅದು ಅದರಾಗ ಇರ್ಲಿ. ನನಗ ಬ್ಯಾರೆ ಚೊಂಬ ತರ್ರಿ.” ಆಮೇಲೆ ಅತ್ತೆಯ ಕಡೆ ತಿರುಗಿದರು. “ಏನವ್ವಾ, ಹಳೇ ಮನಿ ನೀರಾಗ ಹೋತು ಅಂತಿದ್ದಿ. ಇಲ್ಲಿಗೂ ಬಂತಲ್ಲ ನೀರು?”

ಅತ್ತೆ ಸೆರಗು ತಲೆಮೇಲೆ ಎಳೆದುಕೊಂಡರು.

“ಆ ನೀರು ಬರೂಮುಂದ ಸರಕಾರದವ್ರು ನೋಟಿಸ್ ಕೊಟ್ಟಿದ್ರರೀ ಅಜ್ಜಾ. ನನ್ನ ಸೊಸಿ ಅದನ್ನೂ ಕೊಡಲಿಲ್ಲ!”

ಅಜ್ಜಾರು ಕಾವಿ ಎತ್ತಿ ಹಿಡಿದುಕೊಂಡು ನಕ್ಕರು. ನಮ್ಮವರು ನಗುತ್ತಾ ಮೆಟ್ಟಿಲ ಮೇಲೆ ಕುಸಿದರು. ಅತ್ತೆಯೂ ನಕ್ಕರು; ನಗುತ್ತಲೇ ಸ್ಟೀಲಿನ ಚೊಂಬು ತಂದು, ಒದ್ದೆ ನೆಲದಲ್ಲಿ ಕುಳಿತು, ಅಜ್ಜಾರ ಪಾದ ತೊಳೆದರು. ಎಷ್ಟೋ ವರ್ಷಗಳ ಮೇಲೆ. ಹೋಳಿಗೆ ಚೆನ್ನಾಗಿದೆ ಎಂದು ಅಜ್ಜಾರು ಇನ್ನೊಂದು ಹಾಕಿಸಿಕೊಂಡರು. ಯಾರೂ ಜಾರಿ ಬೀಳಲಿಲ್ಲ. ಮೀನು ಎರಡೂ ಉಳಿದವು. ದೇವರು ಇನ್ನೆಷ್ಟು ಮಾಡಬೇಕು?

ಅಜ್ಜಾರು ಹೋದ ಮೇಲೆ ನಮ್ಮವರು ಮಷೀನು ತೋಳಿಗೆ ಕಟ್ಟಿಕೊಂಡು ಬಿ.ಪಿ. ನೋಡಿಕೊಂಡರು.

“ಸುಮಂಗಲಾ, ಪೂರಾ ಇಳಿದೈತಿ! ಡಾಕ್ಟರ್ ಹೇಳಿದ್ದು ಖರೆ. ಮೀನು ಇರಬೇಕು ನೋಡು ಮನ್ಯಾಗ!”

“ಮೀನಲ್ಲೋ, ನಿನ್ನ ಹೇಣ್ತಿ” ಎಂದರು ಅತ್ತೆ.

ನನ್ನ ಬಿ.ಪಿ. ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ನೋಡಿದ್ದರೆ ಮಷೀನು ಕೆಡುತ್ತಿತ್ತು. ಒಬ್ಬಳಿಂದ ಎತ್ತಲಾಗದಷ್ಟು ನೀರು ಕುಡಿದಿದ್ದ ಕೌದಿಯನ್ನು ದರದರ ಎಳೆದುಕೊಂಡು, ಹಿಂಡಿ ಒಣಹಾಕಲು ಹಿತ್ತಲಿಗೆ ಹೋದೆ. ಒಂದು ಕ್ಲಿಪ್ಪು ಕಡಿಮೆ ಬಿತ್ತು. ಅದು ಇನ್ನೂ ಪೈಪಿನಲ್ಲೇ ಇತ್ತು.