ದೊಡ್ಡಮ್ಮ ಉಜ್ಜಿದ ಬಾನೆಟ್ಟು

ನಮ್ಮ ದೊಡ್ಡಮ್ಮನ ಕೈಗೆ ಸಿಕ್ಕ ವಸ್ತು ಹೊಳೆಯದೆ ಉಳಿದ ಉದಾಹರಣೆಯೇ ಇಲ್ಲ. ಕೆಲವಂತೂ ಹೊಳೆದು ಹೊಳೆದು ಸವೆದೇ ಹೋಗಿವೆ! ದೇವರ ಮನೆಯ ಬೆಳ್ಳಿ ಗಣಪತಿಯಲ್ಲಿ ಈಗ ಸೊಂಡಿಲು ಯಾವುದು, ಹೊಟ್ಟೆ ಯಾವುದು ಎಂದು ದೇವರಿಗೇ ಗೊತ್ತಿರಲಿಕ್ಕಿಲ್ಲ.

ಇಂಥವಳ ಕೈಗೆ ಸಿಗದಂತೆ ದೊಡ್ಡಪ್ಪ ಕಾಪಾಡಿಕೊಂಡಿದ್ದ ಒಂದೇ ವಸ್ತು ಅವರ ಮರೂನ್ ಬಣ್ಣದ ಕಾರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕೊಂಡದ್ದು. ದಾಸರಹಳ್ಳಿಯ ಆ ಇಕ್ಕಟ್ಟು ರಸ್ತೆಯಲ್ಲಿ ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಹಳೇ ಪಂಚೆಯ ತುಂಡಿನಲ್ಲಿ, ಅದೂ ಅವರೇ ಒರೆಸಬೇಕು. ದೊಡ್ಡಮ್ಮನ ಸೆರಗು ತಾಗಿದರೂ ಸಾಕು, "ಲೇ, ದೂರ ನಿಂತ್ಕೊಳೇ!" ಎಂಬ ಕೂಗು ಬೀದಿಗೆಲ್ಲ ಕೇಳುತ್ತಿತ್ತು.

ಹೋದ ಆಯುಧಪೂಜೆಗೆ ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದ ಪಟ್ಟೆ ಎಳೆದವರೂ ದೊಡ್ಡಪ್ಪನೇ. ಅದನ್ನು ಒರೆಸುವ ಮೊದಲೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು.

ಅವರು ಆಸ್ಪತ್ರೆಯಲ್ಲಿದ್ದಾಗ ದೊಡ್ಡಮ್ಮ ಏನು ಮಾಡಿದಳು ಗೊತ್ತೇ? ಗಂಡ ಮನೆಗೆ ಬರುವಾಗ ಕಾರು ಕೊಳಕಾಗಿರಬಾರದೆಂದು, ಒಣಗಿದ ಕುಂಕುಮವನ್ನು ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರಿನಿಂದ ಉಜ್ಜಿದಳು! ಕುಂಕುಮ ಹೋಯಿತು. ಜೊತೆಗೆ ಬಣ್ಣದ ಹೊಳಪೂ ಹೋಗಿ ಬಾನೆಟ್ಟಿನ ತುಂಬ ಗೀರುಗಳು ಉಳಿದವು.

"ಬೇಗ ಬಾರೇ, ಕೈ ಮೀರಿ ಹೋಯ್ತು!" ಎಂದು ನನಗೆ ಫೋನು. ದೊಡ್ಡಪ್ಪನಿಗೇ ಏನೋ ಆಯಿತೆಂದು ನಾನು ಆಫೀಸಿನಿಂದ ಅಳುತ್ತ ಓಡಿದರೆ, ಈಕೆ ಬಾನೆಟ್ಟಿಗೆ ಉಗುರುಬಣ್ಣ ಹಚ್ಚುತ್ತ ಕೂತಿದ್ದಾಳೆ!

"ಅವ್ರು ನೋಡಿದ್ರೆ ನನ್ನನ್ನ ಸುಮ್ನೆ ಬಿಡ್ತಾರೇನೇ? ಬರೋದ್ರೊಳಗೆ ಸರಿಮಾಡ್ಸಬೇಕು."

ಪೀಣ್ಯದ ಗ್ಯಾರೇಜಿಗೆ ಕಾರು ಓಡಿಸಿಕೊಂಡು ಹೋದವಳು ನಾನು. ಪಕ್ಕದಲ್ಲಿ ದೊಡ್ಡಮ್ಮ, ಅವಳ ಕೈಯಲ್ಲೊಂದು ಮರೂನ್ ಬ್ಲೌಸ್ ಪೀಸು. ಮ್ಯಾಚಿಂಗಿಗೆ!

"ಕಾರೇ ಎದುರಿಗಿರುತ್ತಲ್ಲ ದೊಡ್ಡಮ್ಮ?"

"ಕಾರು ಬಿಸಿಲಿಗೆ ಮಾಸಿದೆ ಕಣೇ. ಇದು ಕಾರು ತಂದ ದಿನ ಉಟ್ಟ ಸೀರೇದು."

ಪೇಂಟ್ ಮೇಸ್ತ್ರಿ ಬೆರಳಾಡಿಸಿ ನೋಡಿದರು. "ಪಾಲಿಶ್ ಮಾಡಿದ್ರೆ ಅರ್ಧ ಗೀರು ಹೋಗುತ್ತೆ ಅಮ್ಮ. ಪೂರ್ತಿ ಹೋಗ್ಬೇಕಂದ್ರೆ ಬಾನೆಟ್ಟಿಗೆ ಹೊಸ ಪೇಂಟ್ ಹೊಡೀಬೇಕು."

"ಬಾನೆಟ್ಟು ಹೊಸದಾದ್ರೆ ಬಾಗಿಲು ಹಳೇದಾಗಿ ಕಾಣಲ್ವಾ?"

"ಸ್ವಲ್ಪ ಕಾಣುತ್ತೆ."

"ಬಾಗಿಲಿಗೂ ಹೊಡೆದ್ರೆ ಡಿಕ್ಕಿ?"

"ಅದೂ ಕಾಣುತ್ತೆ ಅಮ್ಮ."

"ಇಡೀ ಕಾರಿಗೆ ಹೊಡೆದ್ರೆ ಮನೆ ಗೇಟು ಹಳೇದಾಗಿ ಕಾಣುತ್ತಲ್ಲಪ್ಪಾ!"

ಮೇಸ್ತ್ರಿ ಕೈ ಮುಗಿದರು. ತೀರ್ಮಾನವಾಗದೆ ಕಾರು ವಾಪಸು ಬಂತು. ಆಮೇಲೆ ಪಕ್ಕದ ಮನೆಯವರು, ಹಾಲಿನವನು, ಆಸ್ಪತ್ರೆಯ ನರ್ಸು, ಯಾರನ್ನೂ ಅವಳು ಬಿಡಲಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ: ಪಾಲಿಶೋ, ಪೇಂಟೋ?

ಒಂದು ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಮಾತು ಮರಳುವ ಆಸೆ ಇಟ್ಟುಕೊಳ್ಳಬೇಡಿ ಎಂದು ಮೆಲ್ಲಗೆ ಹೇಳಿದರು. ದೊಡ್ಡಮ್ಮ ತಲೆಯಾಡಿಸಿದಳು. ಹೊರಗೆ ಬಂದವಳೇ, "ಪಾಲಿಶ್ ಸಾಕಾಗುತ್ತೇನೇ?" ಎಂದಳು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

"ಯಾವುದೂ ಬೇಡ ಬಿಡು ದೊಡ್ಡಮ್ಮ. ಇನ್ನು ಬೈಯೋರು ಯಾರಿದ್ದಾರೆ?"

ಅವಳು ಮನೆ ತಲುಪುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಮರುದಿನ ತಾನೇ ಮೇಸ್ತ್ರಿಗೆ ಫೋನ್ ಮಾಡಿ, "ಏನೂ ಮಾಡೋದು ಬೇಡಪ್ಪ, ಹಾಗೇ ಇರ್ಲಿ," ಎಂದಳು.

ದೊಡ್ಡಪ್ಪನನ್ನು ಮನೆಗೆ ಕರೆತಂದ ದಿನ ಗಾಲಿಕುರ್ಚಿ ತಳ್ಳುತ್ತಿದ್ದವಳು ನಾನು. ದೊಡ್ಡಮ್ಮ ಗೇಟಿನೊಳಗೆ ತಡೆದು, ಕುರ್ಚಿಯನ್ನು ಕಾರಿನ ಕಡೆ ತಿರುಗಿಸಿದಳು. ಬಾನೆಟ್ಟಿನ ಮೇಲೆ ಬಿಸಿಲು ಬಿದ್ದು ಒಂದೊಂದು ಗೀರೂ ಎದ್ದು ಕಾಣುತ್ತಿತ್ತು.

"ನೋಡಿದ್ರಾ? ನಾನೇ ಮಾಡಿದ್ದು. ಪಾತ್ರೆ ಸ್ಕ್ರಬ್ಬರ್ ತಗೊಂಡು ಉಜ್ಜಿಬಿಟ್ಟೆ." ಅವಳು ಕುರ್ಚಿಯ ಮುಂದೆ ಬಂದು ಬಗ್ಗಿದಳು. "ಬೈರೀ."

ದೊಡ್ಡಪ್ಪ ಬಾನೆಟ್ಟನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ತುಟಿ ಅದುರಿತು, ಮಾತು ಬರಲಿಲ್ಲ. ಎಡಗೈಯನ್ನು ಕಷ್ಟಪಟ್ಟು ಎತ್ತಿ ಅವಳ ಕೆನ್ನೆ ಒರೆಸಿದರು.

ದೊಡ್ಡಮ್ಮ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಇದಲ್ಲ ರೀ," ಎಂದಳು. "ಬೈರೀ."